ಗಾತ್ರ ನೋಡಿ ವಸ್ತುಗಳನ್ನು ಸೋಸುವ ಸಲಕರಣೆಗಳು: ಓಪನ್‌ಸಿವಿ, ಸೈಕಿಟ್-ಇಮೇಜ್ ಮತ್ತು ಇಮೇಜ್‌ಜೆ ಕುರಿತು ಒಂದು ವಿಮರ್ಶೆ

ಚಿತ್ರ ಸಂಸ್ಕರಣೆಯ ಕೋಡ್ ಬರೆಯುವವರೆಲ್ಲ ಒಂದಲ್ಲ ಒಂದು ದಿನ ಬರೆಯಲೇಬೇಕಾದ ಸಾಲೊಂದಿದೆ: ವಿಸ್ತೀರ್ಣವು ಇಷ್ಟಕ್ಕಿಂತ ಕಡಿಮೆಯಿದ್ದರೆ ಆ ವಸ್ತುವನ್ನು ಕೈಬಿಡು. ಬೂದು ಬಣ್ಣದ ಚಿತ್ರಕ್ಕೆ ಥ್ರೆಶೋಲ್ಡ್, ಅಂದರೆ ಹೊಳಪಿನ ಒಂದು ಗಡಿ, ಹಾಕಿ ಕಪ್ಪು-ಬಿಳುಪು ಮಾಡಿದೊಡನೆ ನಮಗೆ ಬೇಕಾದ ವಸ್ತುಗಳ ಜೊತೆಯಲ್ಲೇ ಧೂಳಿನ ಕಣ, ಕ್ಯಾಮೆರಾದ ನಾಯ್ಸ್, ನೆರಳಿನ ಚೂರು, ಹೊಳಪಿನ ತುಣುಕು ಇವೆಲ್ಲವೂ ಬಿಳಿ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಇವುಗಳನ್ನು ಬೇರ್ಪಡಿಸಲು ನಮ್ಮ ಕೈಗೆ ಮೊದಲು ಸಿಗುವ ಜರಡಿ ಗಾತ್ರವೇ. ಆ ಒಂದು ಸಾಲನ್ನು ಎಲ್ಲ ಲೈಬ್ರರಿಗಳೂ ಸುಲಭವಾಗಿ ಬರೆಯಗೊಡುತ್ತವೆ. ಆದರೆ 'ವಿಸ್ತೀರ್ಣ' ಎಂಬ ಒಂದೇ ಹೆಸರಿನಲ್ಲಿ ಅವು ಬೇರೆ ಬೇರೆ ಸಂಖ್ಯೆಗಳನ್ನು ಕೊಡುತ್ತವೆ ಎಂಬುದು, ಎಣಿಕೆ ತಪ್ಪಿದ ಮೇಲಷ್ಟೇ ಅರಿವಿಗೆ ಬರುತ್ತದೆ.

ಸ್ಕ್ಯಾನರ್ ಗಾಜಿನ ಮೇಲೆ ಬೀಜಗಳನ್ನು ಹರಡಿ, ಅವುಗಳನ್ನು ಎಣಿಸಿ ಅಳೆಯುವ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದೇನೆ. ಅದಕ್ಕಾಗಿ ಬಳಸಿದ ಮೂರು ಸಲಕರಣೆಗಳನ್ನು, ಅಂದರೆ ಓಪನ್‌ಸಿವಿ, ಸೈಕಿಟ್-ಇಮೇಜ್ ಮತ್ತು ಇಮೇಜ್‌ಜೆಗಳನ್ನು, ಈ ಒಂದೇ ಕೆಲಸದ ಮಟ್ಟಿಗೆ ಇಲ್ಲಿ ತೂಗಿ ನೋಡುತ್ತಿದ್ದೇನೆ. ಮೊದಲೆರಡು ಕೋಡಿನಿಂದ ಕರೆಯುವ ಲೈಬ್ರರಿಗಳು (ಸಿದ್ಧ ಫಂಕ್ಷನ್‌ಗಳ ಸಂಗ್ರಹಗಳು), ಮೂರನೆಯದು ಕಿಟಕಿಗಳಲ್ಲಿ ಬಳಸುವ ತಂತ್ರಾಂಶ. ಮೂರೂ ಉಚಿತವಾಗಿ ದೊರೆಯುತ್ತವೆ, ಮೂರರ ಮೂಲ ಕೋಡ್ ಕೂಡ ತೆರೆದಿದೆ. ಹೀಗಾಗಿ ಬೆಲೆ ಇಲ್ಲಿ ಪ್ರಶ್ನೆಯೇ ಅಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಸಲಕರಣೆ ಯಾವುದನ್ನು ಗಾತ್ರವೆಂದು ಎಣಿಸುತ್ತದೆ, ಮತ್ತು ಕೈಬಿಟ್ಟದ್ದನ್ನು ನನಗೆ ತೋರಿಸುತ್ತದೆಯೇ?

ಓಪನ್‌ಸಿವಿಯಿಂದ ತೊಡಗುತ್ತೇನೆ, ಏಕೆಂದರೆ ಹೆಚ್ಚಿನವರು ತೊಡಗುವುದೂ ಅಲ್ಲಿಂದಲೇ. 1999ರಲ್ಲಿ ಇಂಟೆಲ್‌ನಲ್ಲಿ ಆರಂಭವಾದ ಈ ಲೈಬ್ರರಿಯಲ್ಲಿ ಗಾತ್ರದ ಜರಡಿ ಹಿಡಿಯಲು ಬಹಳಷ್ಟು ಜನ ಹಿಡಿಯುವ ದಾರಿ ಫೈಂಡ್‌ಕಾಂಟೂರ್ಸ್ ಮತ್ತು ಕಾಂಟೂರ್‌ಏರಿಯಾ ಎಂಬ ಎರಡು ಫಂಕ್ಷನ್‌ಗಳದ್ದು. ಮೊದಲನೆಯದು ಸುಝುಕಿ ಮತ್ತು ಅಬೆ 1985ರಲ್ಲಿ ಪ್ರಕಟಿಸಿದ ವಿಧಾನದಂತೆ ಪ್ರತಿ ವಸ್ತುವಿನ ಗಡಿಯನ್ನು ಹಿಂಬಾಲಿಸಿ ಹೊರರೇಖೆಯ ಬಿಂದುಗಳನ್ನು ಕೊಡುತ್ತದೆ. ಎರಡನೆಯದು ಗ್ರೀನ್ ಸೂತ್ರದ ಮೂಲಕ ಆ ಬಿಂದುಗಳ ಬಹುಭುಜದ ವಿಸ್ತೀರ್ಣವನ್ನು ಲೆಕ್ಕ ಹಾಕುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಈ ಬಹುಭುಜದ ರೇಖೆಗಳು ಗಡಿಯ ಪಿಕ್ಸೆಲ್‌ಗಳ ಹೊರ ಅಂಚಿನಲ್ಲಿ ಹಾಯುವುದಿಲ್ಲ, ಅವುಗಳ ನಡುಮಧ್ಯದಲ್ಲಿ ಹಾಯುತ್ತವೆ. ಆದ್ದರಿಂದ ಸುತ್ತಲೂ ಅರ್ಧ ಪಿಕ್ಸೆಲ್ ಅಗಲದ ಪಟ್ಟಿಯೊಂದು ಲೆಕ್ಕದಿಂದ ಹೊರಗೆ ಉಳಿಯುತ್ತದೆ.

ಇದರ ಪರಿಣಾಮವನ್ನು ನೋಡಬೇಕಾದರೆ ಕಪ್ಪು ಹಿನ್ನೆಲೆಯ ಮೇಲೆ ಹತ್ತಕ್ಕೆ ಹತ್ತು ಪಿಕ್ಸೆಲ್‌ಗಳ ಬಿಳಿ ಚೌಕವೊಂದನ್ನು ಬರೆದು ಪರೀಕ್ಷಿಸಿದರೆ ಸಾಕು. ಅದರಲ್ಲಿ 100 ಪಿಕ್ಸೆಲ್‌ಗಳಿವೆ, ಕಾಂಟೂರ್‌ಏರಿಯಾ ಹೇಳುವುದು 81. ಐದಕ್ಕೆ ಐದರ ಚೌಕದಲ್ಲಿ 25 ಪಿಕ್ಸೆಲ್‌ಗಳಿದ್ದರೂ ಉತ್ತರ 16. ಎರಡಕ್ಕೆ ಎರಡರ ಚೌಕಕ್ಕೆ ಉತ್ತರ 1. ಒಂಟಿ ಪಿಕ್ಸೆಲ್‌ಗೆ ಸೊನ್ನೆ. ಒಂದು ಪಿಕ್ಸೆಲ್ ದಪ್ಪದ ಗೆರೆ ಇಡೀ ಚಿತ್ರದ ಉದ್ದಕ್ಕೂ ಹಾದುಹೋಗಿದ್ದರೂ ಅದರ ವಿಸ್ತೀರ್ಣ ಸೊನ್ನೆಯೇ. ನೂರಕ್ಕೆ ನೂರರ ಚೌಕಕ್ಕೆ ಬಂದಾಗ ಉತ್ತರ 9801 ಆಗುತ್ತದೆ, ಅಂದರೆ ಕೊರತೆ ಶೇಕಡಾ 2ಕ್ಕೆ ಇಳಿಯುತ್ತದೆ. ವಸ್ತು ದೊಡ್ಡದಾದಷ್ಟೂ ಈ ವ್ಯತ್ಯಾಸವನ್ನು ಲೆಕ್ಕಿಸಬೇಕಿಲ್ಲ. ಆದರೆ ಗಾತ್ರದ ಜರಡಿಯ ನಿಜವಾದ ತೀರ್ಪು ನಡೆಯುವುದು ಸಣ್ಣ ವಸ್ತುಗಳ ವಿಷಯದಲ್ಲೇ ಅಲ್ಲವೇ? ಎಲ್ಲಿ ಅಳತೆ ನಿಖರವಾಗಿರಬೇಕೋ ಅಲ್ಲಿಯೇ ಈ ಅಳತೆಗೋಲು ಹೆಚ್ಚು ಕುಗ್ಗಿರುತ್ತದೆ. ಕೂದಲಿನಂತೆ ತೆಳುವಾದ ಬಿರುಕುಗಳನ್ನು ಹುಡುಕುವವರು ಕಾಂಟೂರ್‌ಏರಿಯಾದ ಮೇಲೆ ಮಿತಿ ಹಾಕಿದರೆ, ತಾವು ಹುಡುಕುತ್ತಿರುವುದನ್ನೇ ಎಸೆದುಬಿಡುವ ಸಂಭವವಿದೆ.

ಇದನ್ನು ಕೋಡಿನ ದೋಷವೆಂದು ಕರೆಯುವುದು ನ್ಯಾಯವಲ್ಲ. ಲೆಕ್ಕ ಹಾಕಿದ ವಿಸ್ತೀರ್ಣವೂ ಪಿಕ್ಸೆಲ್‌ಗಳ ಎಣಿಕೆಯೂ ಬೇರೆಯಾಗಿರಬಹುದೆಂದು ಓಪನ್‌ಸಿವಿಯ ದಾಖಲೆಯೇ ಸ್ಪಷ್ಟವಾಗಿ ಹೇಳುತ್ತದೆ. ಇವೆರಡರ ನಡುವಿನ ಸಂಬಂಧವೂ ಗಣಿತದಲ್ಲಿ ಹಳೆಯದು: ಜಾರ್ಜ್ ಪಿಕ್ 1899ರಲ್ಲಿ ಕೊಟ್ಟ ಪ್ರಮೇಯದ ಪ್ರಕಾರ, ತನ್ನನ್ನು ತಾನು ಮುಟ್ಟದ ಹೊರರೇಖೆಯ ಬಹುಭುಜ ವಿಸ್ತೀರ್ಣಕ್ಕೆ ಗಡಿಯ ಬಿಂದುಗಳ ಅರ್ಧವನ್ನೂ ಮತ್ತೊಂದನ್ನೂ ಕೂಡಿಸಿದರೆ, ಗಡಿಯನ್ನೂ ಸೇರಿಸಿ ಒಳಗಿರುವ ಎಲ್ಲ ಬಿಂದುಗಳ ಸಂಖ್ಯೆ ಬರುತ್ತದೆ. ಹತ್ತರ ಚೌಕದಲ್ಲಿ ಗಡಿಯ ಪಿಕ್ಸೆಲ್‌ಗಳು 36. 81ಕ್ಕೆ 18 ಮತ್ತು 1 ಸೇರಿದರೆ ಸರಿಯಾಗಿ 100. ನೂರು ವರ್ಷಕ್ಕೂ ಹಿಂದಿನ ಶುದ್ಧ ಗಣಿತದ ಮಾತೊಂದು ಇಂದಿನ ಕೋಡಿನ ಲೆಕ್ಕವನ್ನು ಹೀಗೆ ಪಿಕ್ಸೆಲ್ ತಪ್ಪದಂತೆ ಹೊಂದಿಸಿಕೊಡುವುದನ್ನು ಮೊದಲ ಬಾರಿಗೆ ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ರಂಧ್ರಗಳಿರುವ ವಸ್ತುಗಳ ವಿಷಯದಲ್ಲಿ ಪರಿಸ್ಥಿತಿ ಇನ್ನಷ್ಟು ಜಟಿಲವಾಗುತ್ತದೆ. ಇಪ್ಪತ್ತಕ್ಕೆ ಇಪ್ಪತ್ತರ, ಎರಡು ಪಿಕ್ಸೆಲ್ ದಪ್ಪದ ಚೌಕಟ್ಟೊಂದನ್ನು ಊಹಿಸಿಕೊಳ್ಳಿ. ಅದರಲ್ಲಿರುವ ಬಿಳಿ ಪಿಕ್ಸೆಲ್‌ಗಳು 144. ಹೊರಗಿನ ಹೊರರೇಖೆಯನ್ನಷ್ಟೇ ತೆಗೆದುಕೊಂಡರೆ ಕಾಂಟೂರ್‌ಏರಿಯಾ 361 ಎನ್ನುತ್ತದೆ. ಒಳಗಿನ ಟೊಳ್ಳನ್ನು ತುಂಬಿ ಎಣಿಸಿದರೆ 400. ಮೂರೂ ಸರಿಯಾದ ಉತ್ತರಗಳೇ, ಆದರೆ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ. ಕನಿಷ್ಠ ಮಿತಿ 200 ಎಂದು ಬರೆದಾಗ ಈ ಚೌಕಟ್ಟು ಉಳಿಯುವುದೋ ಹೋಗುವುದೋ ಎಂಬುದು ಬರೆದವನು ಆರಿಸಿದ ಫಂಕ್ಷನ್‌ನ ಮೇಲೆ ನಿಂತಿದೆಯೇ ಹೊರತು ವಸ್ತುವಿನ ಮೇಲಲ್ಲ.

ಓಪನ್‌ಸಿವಿಯಲ್ಲೇ ಇದಕ್ಕಿಂತ ಉತ್ತಮವಾದ ದಾರಿ ಇದೆ, ಮತ್ತು ಈ ವಿಮರ್ಶೆಯಲ್ಲಿ ನಾನು ಮನಸಾರೆ ಶಿಫಾರಸು ಮಾಡುವುದೂ ಅದನ್ನೇ. 2015ರಲ್ಲಿ ಬಂದ 3.0 ಆವೃತ್ತಿಯಲ್ಲಿ ಸೇರಿದ ಕನೆಕ್ಟೆಡ್‌ಕಾಂಪೊನೆಂಟ್ಸ್‌ವಿತ್‌ಸ್ಟ್ಯಾಟ್ಸ್ ಎಂಬ ಫಂಕ್ಷನ್ ಒಂದೇ ಕರೆಯಲ್ಲಿ ನಾಲ್ಕು ಸಂಗತಿಗಳನ್ನು ಕೊಡುತ್ತದೆ: ಲೇಬಲ್‌ಗಳ ಸಂಖ್ಯೆ, ಪ್ರತಿ ಪಿಕ್ಸೆಲ್ ಯಾವ ವಸ್ತುವಿಗೆ ಸೇರಿದ್ದೆಂದು ತಿಳಿಸುವ ಲೇಬಲ್ ಚಿತ್ರ, ಪ್ರತಿ ವಸ್ತುವಿನ ಎಡ, ಮೇಲು, ಅಗಲ, ಎತ್ತರ ಹಾಗೂ ವಿಸ್ತೀರ್ಣಗಳ ಪಟ್ಟಿ, ಮತ್ತು ಕೇಂದ್ರಬಿಂದುಗಳು. ಇಲ್ಲಿ ವಿಸ್ತೀರ್ಣವೆಂದರೆ ಪಿಕ್ಸೆಲ್‌ಗಳ ನೇರ ಎಣಿಕೆ. ಹತ್ತರ ಚೌಕಕ್ಕೆ 100, ಒಂಟಿ ಪಿಕ್ಸೆಲ್‌ಗೆ 1, ಚೌಕಟ್ಟಿಗೆ 144. ಸಂಖ್ಯೆಯನ್ನು ನೋಡಿದವರು ಕಣ್ಣಿಂದಲೇ ತಾಳೆ ಹಾಕಬಹುದು. ಅಳತೆಯ ಸಲಕರಣೆಯೊಂದಕ್ಕೆ ಇದಕ್ಕಿಂತ ದೊಡ್ಡ ಗುಣವನ್ನು ನಾನು ಕಾಣೆ.

ಎಚ್ಚರ ವಹಿಸಬೇಕಾದ ಕಡೆಗಳು ಇದರಲ್ಲೂ ಇವೆ. ಸೊನ್ನೆಯ ಲೇಬಲ್ ಹಿನ್ನೆಲೆಗೆ ಮೀಸಲು, ಮತ್ತು ಲೇಬಲ್‌ಗಳ ಸಂಖ್ಯೆಯಲ್ಲಿ ಅದೂ ಸೇರಿರುತ್ತದೆ. ಆದ್ದರಿಂದ ಮೂರು ಬೀಜಗಳ ಚಿತ್ರಕ್ಕೆ ಉತ್ತರ ನಾಲ್ಕೆಂದು ಬರುತ್ತದೆ. ಅತಿ ದೊಡ್ಡ ವಸ್ತುವನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ಪಟ್ಟಿಯ ಗರಿಷ್ಠ ವಿಸ್ತೀರ್ಣವನ್ನು ಹುಡುಕಿದರೆ, ಸಾಮಾನ್ಯವಾಗಿ ಸಿಗುವುದು ಹಿನ್ನೆಲೆಯೇ. ಮೊದಲ ಸಾಲನ್ನು ಬಿಟ್ಟು ಹುಡುಕಬೇಕು. ಸೊನ್ನೆಯಲ್ಲದ ಯಾವ ಮೌಲ್ಯವನ್ನಾದರೂ ವಸ್ತುವೆಂದೇ ಎಣಿಸುತ್ತದೆ ಎಂಬುದೂ ನೆನಪಿರಬೇಕು. ಒಮ್ಮೆ ನಾನು ಕಪ್ಪು-ಬಿಳುಪಿನ ಮುಖವಾಡ ಚಿತ್ರವನ್ನು (ವಸ್ತು ಬಿಳಿ, ಉಳಿದದ್ದು ಕಪ್ಪು) ಜೆಪೆಗ್ ಆಗಿ ಉಳಿಸಿ ಮತ್ತೆ ಓದಿಸಿದ್ದೆ. ಜೆಪೆಗ್‌ನ ಸಂಕೋಚನದಿಂದ ಅಂಚುಗಳ ಸುತ್ತ 2, 3, 5ರಂಥ ಸಣ್ಣ ಮೌಲ್ಯಗಳು ಹುಟ್ಟಿಕೊಂಡು, ಅವುಗಳಲ್ಲಿ ಪ್ರತಿಯೊಂದೂ ಒಂದು ವಸ್ತುವಾಗಿ ಎಣಿಕೆಗೆ ಬಂದಿತ್ತು. ಗಾತ್ರದ ಮಿತಿಯನ್ನು ಏರಿಸುತ್ತ ಹೋಗಿ ಅದನ್ನು ಸರಿಪಡಿಸಲು ಯತ್ನಿಸಿದ ಅರ್ಧ ದಿನ ನನ್ನ ತಪ್ಪಿನದೇ. ಪಿಎನ್‌ಜಿ ರೂಪದಲ್ಲಿ ಉಳಿಸಿದ್ದರೆ ಆ ತೊಂದರೆ ಹುಟ್ಟುತ್ತಲೇ ಇರಲಿಲ್ಲ.

ವೇಗದ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಬಹಳಷ್ಟು ಕೋಡ್‌ಗಳಲ್ಲಿ ಸೋಸುವ ಹಂತ ನಿಧಾನವಾಗುವುದು ಲೈಬ್ರರಿಯಿಂದಲ್ಲ, ಅದನ್ನು ಬಳಸುವ ರೀತಿಯಿಂದ. ಪ್ರತಿ ಲೇಬಲ್‌ಗೂ ಒಂದು ಸುತ್ತು ಹಾಕಿ, ಪ್ರತಿ ಸುತ್ತಿನಲ್ಲೂ ಇಡೀ ಚಿತ್ರವನ್ನು ಆ ಲೇಬಲ್‌ನೊಡನೆ ಹೋಲಿಸಿ ಉಳಿಸಬೇಕಾದುದನ್ನು ಬಿಳಿ ಮಾಡುವ ಪದ್ಧತಿ ಎಲ್ಲೆಡೆ ಕಾಣುತ್ತದೆ. 1.2 ಕೋಟಿ ಪಿಕ್ಸೆಲ್‌ಗಳ ಚಿತ್ರದಲ್ಲಿ 5000 ಚುಕ್ಕೆಗಳಿದ್ದರೆ ಈ ಪದ್ಧತಿ 6000 ಕೋಟಿ ಹೋಲಿಕೆಗಳನ್ನು ಮಾಡಿಸುತ್ತದೆ. ಇದರ ಬದಲು, ವಿಸ್ತೀರ್ಣದ ಪಟ್ಟಿಯನ್ನು ಮಿತಿಯೊಡನೆ ಒಮ್ಮೆ ಹೋಲಿಸಿ, ಪ್ರತಿ ಲೇಬಲ್‌ಗೂ ಹೌದು-ಅಲ್ಲ ಎಂಬ ಪುಟ್ಟ ಕೋಷ್ಟಕವನ್ನು ಮಾಡಿಕೊಂಡು, ಅದರ ಸೊನ್ನೆಯ ಸ್ಥಾನಕ್ಕೆ 'ಅಲ್ಲ' ಎಂದು ಬರೆದು, ಪೈಥಾನ್ ಭಾಷೆಯ ಸಂಖ್ಯಾ ಲೈಬ್ರರಿಯಾದ ನಮ್‌ಪೈಯಲ್ಲಿ ಲೇಬಲ್ ಚಿತ್ರವನ್ನೇ ಆ ಕೋಷ್ಟಕದ ಸೂಚ್ಯಂಕವಾಗಿ ಕೊಟ್ಟರೆ, ಒಂದೇ ಹಾದಿಯಲ್ಲಿ ಸೋಸಿದ ಚಿತ್ರ ಸಿಗುತ್ತದೆ. ಎರಡು ಸಾಲಿನ ಕೋಡ್. ಈ ಉಪಾಯವನ್ನು ಹೊಸಬರಿಗೆ ಕಲಿಸುವಾಗ ಅವರ ಮುಖದಲ್ಲಿ ಕಾಣುವ ಬೆಳಕು, ನನಗೆ ಈ ಕೆಲಸದಲ್ಲಿ ಸಿಗುವ ದೊಡ್ಡ ಸಂಭಾವನೆಗಳಲ್ಲೊಂದು.

ಓಪನ್‌ಸಿವಿಯ ಮೂರನೆಯ ದಾರಿಯಾದ ಸಿಂಪಲ್‌ಬ್ಲಾಬ್‌ಡಿಟೆಕ್ಟರ್ ಅನ್ನು ಈ ಕೆಲಸಕ್ಕೆ ನಾನು ಶಿಫಾರಸು ಮಾಡಲಾರೆ. ಏನನ್ನೂ ಹೇಳದೆ ಬಳಸಿದರೆ ಅದರ ಕನಿಷ್ಠ ವಿಸ್ತೀರ್ಣ 25, ಗರಿಷ್ಠ 5000. ಜೊತೆಗೆ ಅದು ಕಪ್ಪು ವಸ್ತುಗಳನ್ನು ಮಾತ್ರ ಹುಡುಕುತ್ತದೆ, ಮತ್ತು ಉಬ್ಬುತನ (ಅಂಚಿನಲ್ಲಿ ತಗ್ಗುಗಳಿಲ್ಲದಿರುವಿಕೆ) ಹಾಗೂ ಜಡತ್ವದ ಅನುಪಾತ (ಆಕಾರ ಎಷ್ಟು ಉದ್ದನೆಯದು ಎಂಬ ಅಳತೆ) ಇವುಗಳ ಜರಡಿಗಳೂ ಮೊದಲಿನಿಂದಲೇ ಚಾಲೂ ಇರುತ್ತವೆ. ಬಿಳಿ ಬೀಜಗಳ ಚಿತ್ರವನ್ನು ಕೊಟ್ಟು ಖಾಲಿ ಪಟ್ಟಿ ಬಂದಾಗ, ಯಾವ ಜರಡಿಯಲ್ಲಿ ಯಾವುದು ಬಿದ್ದಿತೆಂದು ತಿಳಿಯುವುದೇ ಕಷ್ಟ. ಒಂದೇ ಗಾತ್ರದ ದುಂಡು ಗುರುತುಗಳನ್ನು ಹುಡುಕುವವರಿಗೆ ಇದು ಒಳ್ಳೆಯ ಸಾಧನವೇ. ಗಾತ್ರವನ್ನು ಅಳೆಯಬೇಕಾದವರಿಗಲ್ಲ.

ಸೈಕಿಟ್-ಇಮೇಜ್ ಪೈಥಾನ್‌ನಲ್ಲೇ ಹುಟ್ಟಿ ಬೆಳೆದ ಲೈಬ್ರರಿ, ಮತ್ತು ಅದರ ಸ್ವಭಾವದಲ್ಲಿ ವಿಜ್ಞಾನಿಯ ಶಿಸ್ತು ಎದ್ದು ಕಾಣುತ್ತದೆ. ಅದರ ರೀಜನ್‌ಪ್ರಾಪ್ಸ್ ಪ್ರತಿ ವಸ್ತುವಿಗೂ ವಿಸ್ತೀರ್ಣವನ್ನು ಮಾತ್ರ ಕೊಟ್ಟು ಸುಮ್ಮನಾಗುವುದಿಲ್ಲ. ರಂಧ್ರ ತುಂಬಿದ ವಿಸ್ತೀರ್ಣ, ಉಬ್ಬು ಹೊದಿಕೆಯ ವಿಸ್ತೀರ್ಣ, ಸಮಾನ ವ್ಯಾಸ (ಅಷ್ಟೇ ವಿಸ್ತೀರ್ಣದ ವೃತ್ತದ ವ್ಯಾಸ), ದೊಡ್ಡ ಮತ್ತು ಚಿಕ್ಕ ಅಕ್ಷಗಳ ಉದ್ದ, ಸುತ್ತಳತೆ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರು ಕೊಡುತ್ತದೆ. ಮೇಲೆ ಹೇಳಿದ ಚೌಕಟ್ಟಿನ 144 ಮತ್ತು 400 ಎರಡೂ ಅವುಗಳ ಸರಿಯಾದ ಹೆಸರಿನಲ್ಲೇ ಇಲ್ಲಿ ದೊರೆಯುತ್ತವೆ. ಯಾವ 'ಗಾತ್ರ' ಬೇಕೆಂದು ಹೆಸರಿಟ್ಟು ಕೇಳಬೇಕಾಗುವುದರಿಂದ ಬರೆಯುವವನು ಯೋಚಿಸಲೇಬೇಕಾಗುತ್ತದೆ, ಮತ್ತು ಆರು ತಿಂಗಳ ನಂತರ ಓದುವವನಿಗೂ ಆ ಸಾಲು ತಾನೇ ಅರ್ಥವಾಗುತ್ತದೆ. ಕೇಳಿದ ಗುಣವನ್ನು ಕೇಳಿದಾಗ ಮಾತ್ರ ಲೆಕ್ಕ ಹಾಕುವುದರಿಂದ ವಿಸ್ತೀರ್ಣವೊಂದೇ ಸಾಕಾದವರಿಗೆ ಉಳಿದವುಗಳ ಹೊರೆ ಬೀಳುವುದಿಲ್ಲ. ಸಾವಿರಾರು ವಸ್ತುಗಳಿದ್ದಾಗ ಓಪನ್‌ಸಿವಿಯಷ್ಟು ವೇಗ ಇದಕ್ಕಿಲ್ಲವೆಂಬುದು ನಿಜ, ಆದರೂ ಅಳತೆಯ ಕೆಲಸದಲ್ಲಿ ಆ ನಿಧಾನವನ್ನು ನಾನು ಸಂತೋಷದಿಂದಲೇ ಒಪ್ಪಿಕೊಳ್ಳುತ್ತೇನೆ.

ಬರಿದೇ ಚುಕ್ಕೆಗಳನ್ನು ಅಳಿಸಬೇಕಾದವರಿಗೆ ಇದರಲ್ಲಿ ರಿಮೂವ್‌ಸ್ಮಾಲ್‌ಆಬ್ಜೆಕ್ಟ್ಸ್ ಎಂಬ ಸಿದ್ಧ ಫಂಕ್ಷನ್ ಇದೆ. ಇದರಲ್ಲಿ ಎಚ್ಚರ ತಪ್ಪಿದರೆ ಬೀಳುವಂಥ ಎರಡು ಗುಂಡಿಗಳಿವೆ. ಒಂದು, ಕೊಟ್ಟ ಚಿತ್ರ ಬೂಲಿಯನ್ (ಪ್ರತಿ ಪಿಕ್ಸೆಲ್‌ಗೂ ಹೌದು-ಅಲ್ಲ ಎಂಬ ಮೌಲ್ಯ ಮಾತ್ರ ಇರುವುದು) ಆಗಿದ್ದರೆ ಅದು ತಾನೇ ವಸ್ತುಗಳನ್ನು ಗುರುತಿಸಿಕೊಳ್ಳುತ್ತದೆ. ಪೂರ್ಣಾಂಕಗಳ ಚಿತ್ರವಾಗಿದ್ದರೆ ಈಗಾಗಲೇ ಲೇಬಲ್ ಹಾಕಿದ್ದೆಂದು ಭಾವಿಸುತ್ತದೆ. ಓಪನ್‌ಸಿವಿಯಿಂದ ಬಂದ 0 ಮತ್ತು 255ರ ಚಿತ್ರವನ್ನು ಹಾಗೆಯೇ ಕೊಟ್ಟರೆ, ಚದುರಿದ ಎಲ್ಲ ಬಿಳಿ ಚುಕ್ಕೆಗಳೂ ಸೇರಿ 255 ಎಂಬ ಲೇಬಲ್‌ನ ಒಂದೇ ವಸ್ತುವಾಗುತ್ತವೆ. ಅದರ ಒಟ್ಟು ವಿಸ್ತೀರ್ಣ ಮಿತಿಯನ್ನು ದಾಟಿರುವುದರಿಂದ ಯಾವುದೂ ಅಳಿಯುವುದಿಲ್ಲ. ಒಂದೇ ಲೇಬಲ್ ಇದೆಯಲ್ಲ, ಬೂಲಿಯನ್ ಕೊಡಬೇಕೆಂದಿದ್ದಿರೇ ಎಂದು ಲೈಬ್ರರಿ ಎಚ್ಚರಿಕೆಯ ಸಾಲೊಂದನ್ನು ಮುದ್ರಿಸುತ್ತದೆ. ಈ ಸೌಜನ್ಯಕ್ಕೆ ನಾನು ಕೃತಜ್ಞ, ಆದರೆ ಎಚ್ಚರಿಕೆಯ ಸಾಲುಗಳನ್ನು ಓದದೆ ದಾಟಿಹೋಗುವ ಅಭ್ಯಾಸ ನಮ್ಮಲ್ಲಿ ಬಹಳ.

ಇನ್ನೊಂದು ಗುಂಡಿ ನೆರೆಹೊರೆಯದು. ಮೂಲೆಗೆ ಮೂಲೆ ತಾಗಿರುವ ಎರಡು ಪಿಕ್ಸೆಲ್‌ಗಳು ಒಂದೇ ವಸ್ತುವೇ, ಬೇರೆಯೇ? ಓಪನ್‌ಸಿವಿ ಏನೂ ಹೇಳದಿದ್ದರೆ ಎಂಟು ನೆರೆಗಳನ್ನು ಎಣಿಸುತ್ತದೆ, ಅಂದರೆ ಮೂಲೆಗಳನ್ನೂ ಸೇರಿಸುತ್ತದೆ. ಸೈಕಿಟ್-ಇಮೇಜ್‌ನ ಲೇಬಲ್ ಫಂಕ್ಷನ್ ಕೂಡ ಹಾಗೆಯೇ. ಆದರೆ ಅದೇ ಲೈಬ್ರರಿಯ ರಿಮೂವ್‌ಸ್ಮಾಲ್‌ಆಬ್ಜೆಕ್ಟ್ಸ್ ನಾಲ್ಕು ನೆರೆಗಳನ್ನಷ್ಟೇ ಎಣಿಸುತ್ತದೆ. ಪೈಥಾನ್‌ನ ಇನ್ನೊಂದು ಲೈಬ್ರರಿಯಾದ ಸೈಪೈಯ ಲೇಬಲ್ ಫಂಕ್ಷನ್‌ನದೂ ಇದೇ ರೀತಿ. ಓರೆಯಾಗಿ ಸಾಗುವ ಒಂದು ಪಿಕ್ಸೆಲ್ ದಪ್ಪದ, ಐವತ್ತು ಪಿಕ್ಸೆಲ್‌ಗಳ ಗೆರೆಯೊಂದು ಎಂಟು ನೆರೆಗಳ ಲೆಕ್ಕದಲ್ಲಿ 50 ವಿಸ್ತೀರ್ಣದ ಒಂದು ವಸ್ತು, ನಾಲ್ಕು ನೆರೆಗಳ ಲೆಕ್ಕದಲ್ಲಿ 1 ವಿಸ್ತೀರ್ಣದ ಐವತ್ತು ಕಸಗಳು. ಎರಡು ಹಂತಗಳಲ್ಲಿ ಎರಡು ನಿಯಮ ಹಾಕಿದ ಕೋಡ್, ಮೊದಲು ಒಂದಾಗಿ ಎಣಿಸಿದ ವಸ್ತುವನ್ನು ಮುಂದಿನ ಸಾಲಿನಲ್ಲಿ ಚೂರುಚೂರು ಮಾಡಿ ಗುಡಿಸಿಹಾಕುತ್ತದೆ. ಯಾವ ಲೈಬ್ರರಿಯನ್ನೇ ಬಳಸಲಿ, ನೆರೆಹೊರೆಯ ಸಂಖ್ಯೆಯನ್ನು ಕೋಡಿನಲ್ಲಿ ಬಾಯಿಬಿಟ್ಟು ಹೇಳಿಯೇ ತೀರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮ್ಯಾಟ್‌ಲ್ಯಾಬ್ ಬಳಸುವವರಿಗಾಗಿ ಒಂದು ಮಾತು: ಸಣ್ಣ ವಸ್ತುಗಳನ್ನು ಅಳಿಸುವ ಅದರ ಫಂಕ್ಷನ್ ಬಿಡಬ್ಲ್ಯೂ‌ಏರಿಯಾಓಪನ್ ಎರಡು ಆಯಾಮದ ಚಿತ್ರಗಳಲ್ಲಿ ಎಂಟು ನೆರೆಗಳನ್ನೇ ಹಿಡಿಯುತ್ತದೆ. ಆದ್ದರಿಂದ ಅಲ್ಲಿಂದ ಪೈಥಾನ್‌ಗೆ ಕೋಡ್ ತರುವವರು ಮಿತಿಯನ್ನು ಮಾತ್ರ ನಕಲು ಮಾಡಿದರೆ ಸಾಲದು.

ಇಮೇಜ್‌ಜೆ ಇವೆರಡಕ್ಕಿಂತ ಬೇರೆ ಜಾತಿಯದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ವೇಯ್ನ್ ರಾಸ್‌ಬ್ಯಾಂಡ್ ರೂಪಿಸಿದ ಇದು 1997ರಿಂದ ಬಳಕೆಯಲ್ಲಿದೆ, ಮತ್ತು ಸೂಕ್ಷ್ಮದರ್ಶಕದ ಮುಂದೆ ಕೂರುವವರಲ್ಲಿ ಇದನ್ನು ಅರಿಯದವರು ವಿರಳ. ಇದರ ಅನಲೈಸ್ ಪಾರ್ಟಿಕಲ್ಸ್ ಎಂಬ ಕಿಟಕಿಯಲ್ಲಿ ಗಾತ್ರದ ವ್ಯಾಪ್ತಿಯನ್ನೂ ದುಂಡುತನದ ವ್ಯಾಪ್ತಿಯನ್ನೂ ಟೈಪ್ ಮಾಡಿ, ಅಂಚಿಗೆ ತಾಗಿದವನ್ನು ಹೊರಗಿಡಬೇಕೇ, ರಂಧ್ರಗಳನ್ನು ಸೇರಿಸಬೇಕೇ ಎಂದು ಗುರುತು ಹಾಕಿದರೆ, ಉಳಿದ ವಸ್ತುಗಳ ಹೊರರೇಖೆಗಳು ಕ್ರಮಸಂಖ್ಯೆಯೊಡನೆ ಮೂಡುತ್ತವೆ. ದುಂಡುತನವೆಂದರೆ ವಿಸ್ತೀರ್ಣವನ್ನು 4 ಪೈನಿಂದ ಗುಣಿಸಿ ಸುತ್ತಳತೆಯ ವರ್ಗದಿಂದ ಭಾಗಿಸಿದ ಮೌಲ್ಯ. ಪರಿಪೂರ್ಣ ವೃತ್ತಕ್ಕೆ ಅದು 1. ಒಂದೇ ಗಾತ್ರದ ಬೀಜವನ್ನೂ ಕಡ್ಡಿಯ ಚೂರನ್ನೂ ಬೇರ್ಪಡಿಸಲು ಗಾತ್ರ ಸೋತ ಕಡೆ ಈ ಸಂಖ್ಯೆ ಕೈಹಿಡಿಯುತ್ತದೆ.

ಕೋಡ್ ಬರೆಯಲು ಬರುವವರೂ ಇಮೇಜ್‌ಜೆಯನ್ನು ಇಟ್ಟುಕೊಳ್ಳಬೇಕೆಂದು ನಾನು ಹೇಳುವುದು, ಅದು ಅಳತೆಯ ಮಾನವನ್ನು ಚಿತ್ರದ ಜೊತೆಯಲ್ಲೇ ಹೊತ್ತು ತಿರುಗುತ್ತದೆ ಎಂಬ ಕಾರಣಕ್ಕೆ. ಪಿಕ್ಸೆಲ್ ಎಂಬುದು ಪ್ರಕೃತಿಯ ಮಾನವಲ್ಲ. ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಒಂದು ಪಿಕ್ಸೆಲ್‌ನ ಬದಿ ಸುಮಾರು 0.0847 ಮಿಲಿಮೀಟರ್. 4 ಚದರ ಮಿಲಿಮೀಟರಿನ ಬೀಜವೊಂದು ಅಲ್ಲಿ ಸುಮಾರು 558 ಪಿಕ್ಸೆಲ್‌ಗಳನ್ನು ಆಕ್ರಮಿಸುತ್ತದೆ. ಅದೇ ಬೀಜವನ್ನು 600 ಚುಕ್ಕೆಗಳಲ್ಲಿ ಸ್ಕ್ಯಾನ್ ಮಾಡಿದರೆ 2232 ಪಿಕ್ಸೆಲ್‌ಗಳು. ರೆಸಲ್ಯೂಶನ್ ಎರಡು ಪಟ್ಟಾದಾಗ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆಂಬುದು ಶಾಲೆಯ ಗಣಿತ. ಆದರೂ ಕೋಡಿನಲ್ಲಿ ಬರೆದಿಟ್ಟ 500 ಎಂಬ ಮಿತಿ, ಸ್ಕ್ಯಾನರ್‌ನ ಸೆಟ್ಟಿಂಗ್ ಬದಲಾದ ದಿನ ತಾನಾಗಿ ಬದಲಾಗುವುದಿಲ್ಲ. ನನ್ನ ಕೋಡಿನಲ್ಲಿ ಈಗ ಮಿತಿಯನ್ನು ಚದರ ಮಿಲಿಮೀಟರಿನಲ್ಲೇ ಬರೆದು, ಪಿಕ್ಸೆಲ್‌ನ ಬದಿಯನ್ನು ಬೇರೆಯಾಗಿ ಕೊಟ್ಟು, ಪರಿವರ್ತನೆಯನ್ನು ಒಂದೇ ಕಡೆ ಮಾಡುತ್ತೇನೆ. ರೀಜನ್‌ಪ್ರಾಪ್ಸ್‌ನ ಹೊಸ ಆವೃತ್ತಿಗಳಲ್ಲಿ ಪಿಕ್ಸೆಲ್‌ಗಳ ಅಂತರವನ್ನು ನೇರವಾಗಿ ತಿಳಿಸುವ ಅವಕಾಶವೂ ಇದೆ. ಓಪನ್‌ಸಿವಿಗೆ ಮಿಲಿಮೀಟರ್ ಎಂದರೇನೆಂದೇ ಗೊತ್ತಿಲ್ಲ.

ಇಮೇಜ್‌ಜೆಯ ಈ ಗುಣವೇ ಹೊಸಬರನ್ನು ದಾರಿ ತಪ್ಪಿಸುವುದೂ ಉಂಟು. ಸ್ಕ್ಯಾನರ್‌ನಿಂದ ಬಂದ ಟಿಫ್ ಕಡತದಲ್ಲಿ ಇಂಚಿನ ಮಾಹಿತಿ ಇದ್ದರೆ, ಇಮೇಜ್‌ಜೆ ಅದನ್ನು ಓದಿಕೊಂಡು ಗಾತ್ರದ ಪೆಟ್ಟಿಗೆಯಲ್ಲಿ ಚದರ ಇಂಚುಗಳನ್ನು ನಿರೀಕ್ಷಿಸುತ್ತದೆ. ಪಿಕ್ಸೆಲ್ ಎಂದುಕೊಂಡು 50 ಎಂದು ಬರೆದರೆ 50 ಚದರ ಇಂಚಿಗಿಂತ ದೊಡ್ಡ ಬೀಜಗಳನ್ನು ಹುಡುಕಿದಂತಾಗುತ್ತದೆ. 4 ಚದರ ಮಿಲಿಮೀಟರ್ ಎಂದರೆ ಅಲ್ಲಿ ಸುಮಾರು 0.0062. ಪೆಟ್ಟಿಗೆಯ ಪಕ್ಕದಲ್ಲಿ ಮಾನದ ಹೆಸರು ಬರೆದಿರುತ್ತದೆ, ಪಿಕ್ಸೆಲ್ ಮಾನಕ್ಕೆ ಬದಲಿಸುವ ಗುರುತೂ ಇದೆ.

ಹಾಗಾದರೆ ಮಿತಿಯನ್ನು ಆರಿಸುವುದು ಹೇಗೆ? ಈ ಪ್ರಶ್ನೆಗೆ ಯಾವ ಲೈಬ್ರರಿಯೂ ಉತ್ತರ ಕೊಡುವುದಿಲ್ಲ, ಆದರೆ ಉತ್ತರ ಹುಡುಕಲು ಬೇಕಾದ ದತ್ತಾಂಶವನ್ನು ಮೂರೂ ಕೊಡುತ್ತವೆ. ಯಾವುದನ್ನೂ ಸೋಸದೆ ಎಲ್ಲ ವಸ್ತುಗಳ ವಿಸ್ತೀರ್ಣವನ್ನು ಮೊದಲು ಪಟ್ಟಿ ಮಾಡಿ, ಹಿಸ್ಟೋಗ್ರಾಮ್ ಬರೆದು ನೋಡಬೇಕು. ಅಡ್ಡ ಅಕ್ಷ ಲಾಗ್ ಪ್ರಮಾಣದಲ್ಲಿರಲಿ, ಇಲ್ಲದಿದ್ದರೆ ಕಸವೆಲ್ಲ ಎಡತುದಿಯಲ್ಲಿ ಒಂದೇ ಕಂಬವಾಗಿ ನಿಲ್ಲುತ್ತದೆ. ಶುದ್ಧವಾದ ಚಿತ್ರದಲ್ಲಿ ಕಸದ ಗುಡ್ಡವೊಂದು, ಬೀಜಗಳ ಗುಡ್ಡವೊಂದು, ನಡುವೆ ಅಗಲವಾದ ಕಣಿವೆ ಕಾಣುತ್ತದೆ. ಮಿತಿ ಆ ಕಣಿವೆಯಲ್ಲಿ ಎಲ್ಲೇ ಬಿದ್ದರೂ ಎಣಿಕೆ ಬದಲಾಗದು, ಮತ್ತು ಹಾಗೆ ಬದಲಾಗದಿರುವುದೇ ಮಿತಿ ಸರಿಯಾಗಿದೆ ಎಂಬುದಕ್ಕೆ ಪುರಾವೆ. ಕಣಿವೆಯೇ ಇಲ್ಲದಿದ್ದರೆ ಗಾತ್ರವೊಂದರಿಂದ ಕಾಳು-ಜೊಳ್ಳುಗಳನ್ನು ಬೇರ್ಪಡಿಸಲಾಗದೆಂದು ಒಪ್ಪಿಕೊಂಡು ಬೆಳಕನ್ನೋ ಥ್ರೆಶೋಲ್ಡನ್ನೋ ಸರಿಪಡಿಸಬೇಕು. ಅದೇ ಹಿಸ್ಟೋಗ್ರಾಮಿನಲ್ಲಿ ಬೀಜಗಳ ಗುಡ್ಡದ ಎರಡರಷ್ಟು ವಿಸ್ತೀರ್ಣದ ಬಳಿ ಸಣ್ಣ ದಿಬ್ಬವೊಂದು ಕಂಡರೆ, ಒಂದಕ್ಕೊಂದು ಅಂಟಿಕೊಂಡ ಜೋಡಿ ಬೀಜಗಳು ಅಲ್ಲಿವೆ ಎಂದರ್ಥ. ಅವುಗಳನ್ನು ಗರಿಷ್ಠ ಮಿತಿ ಹಾಕಿ ಎಸೆಯುವುದಕ್ಕಿಂತ, ವಾಟರ್‌ಶೆಡ್ ವಿಧಾನದಿಂದ ಬಿಡಿಸಿ ಆಮೇಲೆ ಸೋಸುವುದು ಒಳ್ಳೆಯದು.

ಕೆಲವರು ಗಾತ್ರದ ಜರಡಿಯ ಬದಲು ಮಾರ್ಫಾಲಜಿಯ ಓಪನಿಂಗ್ ಬಳಸುತ್ತಾರೆ: ವಸ್ತುಗಳನ್ನು ಒಮ್ಮೆ ಸವೆಸಿ ಮತ್ತೆ ಉಬ್ಬಿಸುವುದು. ಅದು ಅಳೆಯುವುದು ವಿಸ್ತೀರ್ಣವನ್ನಲ್ಲ, ದಪ್ಪವನ್ನು. ಉದ್ದವಾಗಿ ತೆಳುವಾಗಿರುವ ದೊಡ್ಡ ವಸ್ತು ಅದರಲ್ಲಿ ಮಾಯವಾಗುತ್ತದೆ, ಉಳಿದವುಗಳ ಮೂಲೆಗಳೂ ಸವೆಯುತ್ತವೆ. ಆಮೇಲೆ ಅಳತೆ ಮಾಡುವವರು ಆ ದಾರಿಗೆ ಹೋಗಬಾರದು. ಅಂಚಿಗೆ ತಾಗಿ ಅರ್ಧ ಕತ್ತರಿಸಿಹೋದ ಬೀಜಗಳನ್ನೂ ಗಾತ್ರದ ಜರಡಿಗೆ ಬಿಡಬಾರದು, ಏಕೆಂದರೆ ಅವುಗಳ ವಿಸ್ತೀರ್ಣ ಅವುಗಳದ್ದೇ ಅಲ್ಲ. ಸೈಕಿಟ್-ಇಮೇಜ್‌ನ ಕ್ಲಿಯರ್‌ಬಾರ್ಡರ್ ಅವುಗಳನ್ನು ಮೊದಲೇ ಹೊರಗಿಡುತ್ತದೆ.

ನರಜಾಲದ ಮಾದರಿಗಳು ವಸ್ತುಗಳ ಸುತ್ತ ಬರೆದು ಕೊಡುವ ಪೆಟ್ಟಿಗೆಗಳನ್ನು ಗಾತ್ರದಿಂದ ಸೋಸುವವರಿಗೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಇಂಥ ಮಾದರಿಗಳನ್ನು ಪರೀಕ್ಷಿಸಲು ಬಳಸುವ ಕೋಕೋ ಎಂಬ ಚಿತ್ರಗಳ ದತ್ತಾಂಶದಲ್ಲಿ 32ರ ವರ್ಗಕ್ಕಿಂತ, ಅಂದರೆ 1024 ಪಿಕ್ಸೆಲ್‌ಗಳಿಗಿಂತ ಕಡಿಮೆಯಿರುವವು ಸಣ್ಣವು, 96ರ ವರ್ಗವನ್ನು, ಅಂದರೆ 9216ನ್ನು ಮೀರಿದವು ದೊಡ್ಡವು. ಆದರೆ ಅಲ್ಲಿನ ವಿಸ್ತೀರ್ಣ ವಸ್ತುವಿನ ಮುಖವಾಡದ್ದು, ಪೆಟ್ಟಿಗೆಯದ್ದಲ್ಲ. ಓರೆಯಾಗಿ ಬಿದ್ದ ಕೋಲಿನ ಪೆಟ್ಟಿಗೆ ಬಲು ದೊಡ್ಡದು, ಕೋಲು ಮಾತ್ರ ಸಣ್ಣದು. ಮಾದರಿಗೆ ಕೊಡುವ ಮುನ್ನ ಕುಗ್ಗಿಸಿದ ಚಿತ್ರದಲ್ಲಿ ಅಳೆಯುತ್ತಿದ್ದೇವೋ ಮೂಲ ಚಿತ್ರದಲ್ಲೋ ಎಂಬುದನ್ನೂ ನೋಡಿಕೊಳ್ಳಬೇಕು.

ಮೂರು ಸಲಕರಣೆಗಳಲ್ಲೂ ನನಗೆ ಕೊರತೆಯೆನಿಸುವುದು ಒಂದೇ: ಬಿಸಾಡಿದ್ದನ್ನು ಯಾವುದೂ ತಾನಾಗಿ ತೋರಿಸುವುದಿಲ್ಲ. ಅನಲೈಸ್ ಪಾರ್ಟಿಕಲ್ಸ್ ಉಳಿದವಕ್ಕೆ ಹೊರರೇಖೆ ಬರೆಯುತ್ತದೆ, ಹೋದವಕ್ಕೆ ಬರೆಯುವುದಿಲ್ಲ. ರಿಮೂವ್‌ಸ್ಮಾಲ್‌ಆಬ್ಜೆಕ್ಟ್ಸ್ ಶುಚಿಯಾದ ಚಿತ್ರವನ್ನು ಕೊಟ್ಟು ಸುಮ್ಮನಾಗುತ್ತದೆ. ಲೇಬಲ್ ಚಿತ್ರ ಕೈಯಲ್ಲಿದ್ದರೆ ಮಾತ್ರ ಅದೇ ಹೌದು-ಅಲ್ಲ ಕೋಷ್ಟಕವನ್ನು ತಿರುಗಿಸಿ, ಉಳಿದವನ್ನು ಹಸಿರಿನಲ್ಲೂ ಹೋದವನ್ನು ಕೆಂಪಿನಲ್ಲೂ ಮೂಲ ಚಿತ್ರದ ಮೇಲೆ ಬಳಿಯಬಹುದು. ಕನೆಕ್ಟೆಡ್‌ಕಾಂಪೊನೆಂಟ್ಸ್‌ವಿತ್‌ಸ್ಟ್ಯಾಟ್ಸ್ ಅನ್ನು ಮೊದಲ ಸ್ಥಾನದಲ್ಲಿ ಇಟ್ಟದ್ದಕ್ಕೆ ವೇಗಕ್ಕಿಂತಲೂ ಇದೇ ದೊಡ್ಡ ಕಾರಣ. ಕೆಂಪು ಬಣ್ಣದಲ್ಲಿ ಒಂದು ಇಡೀ ಬೀಜ ಕಂಡರೆ ಸಾಕು, ಯಾವ ಸಂಖ್ಯೆಯೂ ಹೇಳದ್ದನ್ನು ಆ ಚಿತ್ರ ಹೇಳಿಬಿಡುತ್ತದೆ.

ಕೊನೆಯದಾಗಿ, ಸೈಕಿಟ್-ಇಮೇಜ್ ಬಳಸುವವರು ತಕ್ಷಣ ಗಮನಿಸಬೇಕಾದ ಬದಲಾವಣೆಯೊಂದಿದೆ. ರಿಮೂವ್‌ಸ್ಮಾಲ್‌ಆಬ್ಜೆಕ್ಟ್ಸ್ ಇದುವರೆಗೆ ಮಿನ್‌ಸೈಜ್ ಎಂಬ ಹೆಸರಿನಲ್ಲಿ ಮಿತಿಯನ್ನು ತೆಗೆದುಕೊಳ್ಳುತ್ತಿತ್ತು, ಮತ್ತು ಆ ಮಿತಿಗಿಂತ ಕಡಿಮೆಯಿದ್ದುದನ್ನಷ್ಟೇ ಅಳಿಸುತ್ತಿತ್ತು. ಹೊಸ ಆವೃತ್ತಿಯಲ್ಲಿ ಆ ಹೆಸರನ್ನು ಕೈಬಿಡುವ ಸೂಚನೆ ಕೊಟ್ಟು ಮ್ಯಾಕ್ಸ್‌ಸೈಜ್ ಎಂಬುದನ್ನು ತಂದಿದ್ದಾರೆ. ಇದು ಮಿತಿಗೆ ಸಮನಾದುದನ್ನೂ ಅಳಿಸುತ್ತದೆ. ಹೆಸರನ್ನು ಬದಲಿಸಿ 64 ಎಂಬ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ಸರಿಯಾಗಿ 64 ಪಿಕ್ಸೆಲ್‌ಗಳ ವಸ್ತು ಕಾಣೆಯಾಗುತ್ತದೆ. ಹಳೆಯ ನಡವಳಿಕೆ ಬೇಕಿದ್ದರೆ 63 ಎಂದು ಬರೆಯಬೇಕು. ಇಂಥ ಬದಲಾವಣೆಗಳನ್ನು ಹಿಡಿಯಲೆಂದೇ ನನ್ನ ಕೋಡಿನ ಪರೀಕ್ಷೆಗಳಲ್ಲಿ ಪುಟ್ಟ ಚಿತ್ರವೊಂದನ್ನು ಇಟ್ಟಿದ್ದೇನೆ. ಅದರಲ್ಲಿ ಏಳಕ್ಕೆ ಒಂಬತ್ತರ, ಎಂಟಕ್ಕೆ ಎಂಟರ ಮತ್ತು ಐದಕ್ಕೆ ಹದಿಮೂರರ ಮೂರು ಬಿಳಿ ಆಯತಗಳಿವೆ, ಅಂದರೆ 63, 64 ಮತ್ತು 65 ಪಿಕ್ಸೆಲ್‌ಗಳು. ಲೈಬ್ರರಿಯ ಹೊಸ ಆವೃತ್ತಿಯನ್ನು ಹಾಕಿದಾಗಲೆಲ್ಲ ಮೊದಲು ಆ ಚಿತ್ರವನ್ನು ಸೋಸಿ, ಅದರಲ್ಲಿ ಎರಡು ಉಳಿದವೇ, ಒಂದು ಉಳಿಯಿತೇ ಎಂದು ನೋಡಿಕೊಂಡೇ ಬೀಜಗಳ ಚಿತ್ರಕ್ಕೆ ಕೈಹಾಕುತ್ತೇನೆ.